ಪಹಣಿ ನೋಡುವ ಟೂಲ್, ಎಂ.ಆರ್. ಇಡುವ ಟೂಲ್

ಪ್ರಶ್ನೆ: ನಂಜನಗೂಡಿನಲ್ಲಿ ನಾವು ನಾಲ್ಕು ಜನ ಸೇರಿ ಸಣ್ಣದೊಂದು ಸಾಫ್ಟ್‌ವೇರ್ ಕಚೇರಿ ನಡೆಸುತ್ತಿದ್ದೇವೆ. ಇಲ್ಲಿಯ ಮತ್ತು ತಿ. ನರಸೀಪುರದ ಕಡೆಯ ಅಕ್ಕಿ ಗಿರಣಿಗಳಿಗೆ, ಗೊಬ್ಬರದ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇವೆ. ಗಿರಾಕಿಗೊಂದರಂತೆ ಈಗ 26 ಡೇಟಾಬೇಸ್ ಆಗಿವೆ. ಹಳೆಯವು ಮೈಎಸ್‌ಕ್ಯೂಎಲ್, ಹೊಸವು ಪೋಸ್ಟ್‌ಗ್ರೆಸ್. ಒಂದು ಕಾಲಂ ಸೇರಿಸಬೇಕೆಂದರೂ ಒಂದೊಂದನ್ನೇ ತೆರೆದು ಕೈಯಿಂದ ಮಾಡುತ್ತೇವೆ. ಡೇಟಾಬೇಸ್ ನಿರ್ವಹಣೆಗೂ ಬದಲಾವಣೆಯ ನಿರ್ವಹಣೆಗೂ ಟೂಲ್ ಕೊಳ್ಳೋಣವೆಂದು ಮೂರು ಕಂಪನಿಗಳ ಡೆಮೊ ನೋಡಿದೆವು. ಮೂರೂ ಚೆನ್ನಾಗಿಯೇ ಕಂಡವು. ಇವನ್ನು ಹೋಲಿಸುವುದು ಹೇಗೆ? ಇವೆರಡೂ ಕೆಲಸಕ್ಕೆ ಒಂದೇ ಟೂಲ್ ಸಾಲದೇ?

ಉತ್ತರ: ಮೂರೂ ಡೆಮೊ ಚೆನ್ನಾಗಿ ಕಂಡದ್ದು ಸಹಜ. ಅವರು ಡೆಮೊಗೆ ತಂದಿದ್ದು ಅವರದೇ ಡೇಟಾಬೇಸನ್ನು. ಅದರಲ್ಲಿ ಯಾರೂ ಅವಸರಕ್ಕೆ ಕಾಲಂ ಸೇರಿಸಿರುವುದಿಲ್ಲ, ಒಬ್ಬನೇ ರೈತನ ಹೆಸರು ಮೂರು ಬಗೆಯಲ್ಲಿ ಇರುವುದಿಲ್ಲ, ಸುಗ್ಗಿಯ ಮಧ್ಯೆ ಕರೆಂಟು ಹೋಗುವುದಿಲ್ಲ. ಹೋಲಿಸುವ ಬಗೆಯನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನಿಮ್ಮ ಊರಿನಲ್ಲೇ ಇದೆ: ತಾಲ್ಲೂಕು ಕಚೇರಿಯ ಭೂಮಿ ಕೇಂದ್ರ. ನಾನು ಅಲ್ಲಿಂದಲೇ ಹೊರಡುತ್ತೇನೆ.

ಮನೆಯಲ್ಲಿರುವ ಒಂದು ಪಹಣಿಯನ್ನು ತೆಗೆದು ನೋಡಿ. ಬಹಳ ಜನ 9ನೇ ಕಾಲಂನಲ್ಲಿ ತಮ್ಮ ಹೆಸರು, ವಿಸ್ತೀರ್ಣ ಸರಿಯಿದೆಯೇ ಎಂದು ನೋಡಿ ಮಡಚಿಡುತ್ತಾರೆ. ಪಕ್ಕದ 10ನೇ ಕಾಲಂನಲ್ಲಿ ಒಂದು ಎಂ.ಆರ್. ನಂಬರು, ಅಂದರೆ ಮ್ಯುಟೇಷನ್ ರಿಜಿಸ್ಟರಿನ ನಂಬರು ಇರುತ್ತದೆ. ಈ ಹೆಸರು ಇಲ್ಲಿಗೆ ಕ್ರಯದಿಂದ ಬಂತೋ, ಪೌತಿಯಿಂದಲೋ, ವಿಭಾಗದಿಂದಲೋ ಎಂದು ತಿಳಿಯುವುದು ಆ ನಂಬರಿನ ಜಾಡು ಹಿಡಿದಾಗ. ಅಣ್ಣತಮ್ಮಂದಿರಲ್ಲಿ ವ್ಯಾಜ್ಯ ಬಂದರೆ ವಕೀಲರು ಹುಡುಕುವುದು ಅದನ್ನೇ. ಪಹಣಿಯಲ್ಲಿರುವುದು ಇವತ್ತಿನ ಸ್ಥಿತಿ. ಆ ಸ್ಥಿತಿಗೆ ಬಂದ ಒಂದೊಂದು ಹೆಜ್ಜೆಯೂ ಇರುವುದು ಮ್ಯುಟೇಷನ್ ರಿಜಿಸ್ಟರಿನಲ್ಲಿ.

ನೀವು ಕೇಳಿದ ಎರಡು ಟೂಲ್‌ಗಳ ನಡುವಿನ ವ್ಯತ್ಯಾಸವೂ ಇದೇ. ನಿರ್ವಹಣೆಯ ಟೂಲ್ ಪಹಣಿ ತೋರಿಸುತ್ತದೆ: ಯಾವ ಟೇಬಲ್ ಎಷ್ಟು ದೊಡ್ಡದು, ಯಾವ ಕ್ವೆರಿ ನಿಧಾನ, ಯಾರು ಲಾಗಿನ್ ಆಗಿದ್ದಾರೆ, ಬ್ಯಾಕಪ್ ಆಯಿತೇ. ಬದಲಾವಣೆಯ ಟೂಲ್ ಎಂ.ಆರ್. ಬರೆದಿಡುತ್ತದೆ: ಯಾವ ದಿನ, ಯಾರು, ಯಾವ ಸ್ಕ್ರಿಪ್ಟಿನಿಂದ, ಯಾವ ಕಾಲಂ ಸೇರಿಸಿದರು, ಅದು 26ರಲ್ಲಿ ಎಷ್ಟಕ್ಕೆ ತಲುಪಿದೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿ ಮಾರುವವರಿದ್ದಾರೆ. ಹಾಗೆ ಕೊಂಡರೆ ಸಾಮಾನ್ಯವಾಗಿ ಮೊದಲನೆಯ ಕೆಲಸಕ್ಕೆ ದುಡ್ಡು ಕೊಟ್ಟು, ಎರಡನೆಯದನ್ನು ಅರ್ಧಂಬರ್ಧ ಪಡೆಯುತ್ತೀರಿ. ನಿಮ್ಮ ನೋವಿರುವುದು ಎರಡನೆಯದರಲ್ಲಿ.

ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆ ಬಂದದ್ದು 2000ದ ಆಸುಪಾಸಿನಲ್ಲಿ. ಅದನ್ನು ಮುನ್ನಡೆಸಿದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಸಾಫ್ಟ್‌ವೇರ್ ಬರೆದದ್ದು ಎನ್‌ಐಸಿ. 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ಹಿಡುವಳಿದಾರರು. ಅಲ್ಲಿಯವರೆಗೆ ಆ ದಾಖಲೆಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. ಜನ ಹೊಗಳಿದ್ದು 15 ರೂಪಾಯಿಗೆ ಕಿಟಕಿಯಲ್ಲಿ ಪಹಣಿ ಸಿಕ್ಕಿದ್ದನ್ನು. ಡೇಟಾಬೇಸ್ ಕೆಲಸದವನಾಗಿ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ ಎರಡು ತೀರ್ಮಾನಗಳು. ತಾಲ್ಲೂಕಿನ ದಾಖಲೆ ಕಂಪ್ಯೂಟರಿಗೆ ಏರಿದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದರು. ದಾಖಲೆಯನ್ನು ಬದಲಿಸುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕೆಂದರು. ಮೊದಲನೆಯದು ಹಿತ್ತಿಲ ಬಾಗಿಲನ್ನು ಮುಚ್ಚಿತು. ಎರಡನೆಯದು ಮುಂಬಾಗಿಲಲ್ಲಿ ಹೆಸರು ಬರೆಸಿಕೊಂಡಿತು. ಈ ಎರಡನ್ನೂ ಮಾಡದೆ ಸಾಫ್ಟ್‌ವೇರ್ ಒಂದನ್ನೇ ತಂದಿದ್ದರೆ ಪುಸ್ತಕದಲ್ಲೊಂದು ಪಹಣಿ, ಕಂಪ್ಯೂಟರಿನಲ್ಲೊಂದು ಪಹಣಿ ಎಂದು ಎರಡಾಗುತ್ತಿದ್ದವು.

ಈಗ ನಿಮ್ಮ ಕಚೇರಿಗೆ ಬನ್ನಿ. ನಾಲ್ವರಿಗೂ 26 ಡೇಟಾಬೇಸ್‌ಗಳ ರೂಟ್ ಪಾಸ್‌ವರ್ಡ್ ಗೊತ್ತಿದೆ ಎಂದು ನಿಮ್ಮ ಪ್ರಶ್ನೆಯಿಂದಲೇ ಊಹಿಸಬಲ್ಲೆ. ಬನ್ನೂರಿನ ಗಿರಣಿಯಿಂದ ಫೋನ್ ಬರುತ್ತದೆ, ಭತ್ತದ ಖರೀದಿಯ ಪರದೆಯಲ್ಲಿ ತೇವಾಂಶ ಬರೆಯಲು ಜಾಗ ಬೇಕು ಎನ್ನುತ್ತಾರೆ. ಒಬ್ಬರು ಅಲ್ಲೇ ಒಂದು ಕಾಲಂ ಸೇರಿಸುತ್ತಾರೆ. ತಿಂಗಳಾದ ಮೇಲೆ ಹುಲ್ಲಹಳ್ಳಿಯ ಗಿರಣಿಯವರೂ ಅದನ್ನೇ ಕೇಳುತ್ತಾರೆ; ಇನ್ನೊಬ್ಬರು ಬೇರೆ ಹೆಸರಿನಲ್ಲಿ ಸೇರಿಸುತ್ತಾರೆ, ಒಂದು ಕಡೆ ಪೂರ್ಣಾಂಕ, ಇನ್ನೊಂದು ಕಡೆ ದಶಮಾಂಶ. ಇಬ್ಬರೂ ಗಿರಾಕಿಯ ಕೆಲಸ ನಿಲ್ಲಬಾರದೆಂದೇ ಮಾಡಿದ್ದು. ಆದರೆ ಎರಡು ವರ್ಷದಲ್ಲಿ 26 ಡೇಟಾಬೇಸ್ 26 ಬಗೆಯಾಗುತ್ತವೆ.

ಇದನ್ನು ಊಹೆಯಿಂದ ಹೇಳುತ್ತಿಲ್ಲ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಚೇರಿಯಲ್ಲಿ, ಸಂಜೆ ಹೊರಡುವ ಹೊತ್ತಿಗೆ ಬಂದ ದೂರನ್ನು ಸರಿಮಾಡಲು ಗಿರಾಕಿಯ ಟೇಬಲ್ಲಿನಲ್ಲಿ ನೇರವಾಗಿ ಒಂದು ಕಾಲಂ ದೊಡ್ಡದು ಮಾಡಿದೆ. ಎಲ್ಲೂ ಬರೆದಿಡಲಿಲ್ಲ. ಆರು ತಿಂಗಳ ಮೇಲೆ ಹೊಸ ಆವೃತ್ತಿ ಹಾಕುವಾಗ ಅದೊಂದೇ ಗಿರಾಕಿಯ ಅಪ್‌ಡೇಟ್ ಅರ್ಧಕ್ಕೆ ನಿಂತಿತು. ಕಾರಣ ಹುಡುಕಲು ಇಬ್ಬರು ಸಹೋದ್ಯೋಗಿಗಳು ಎರಡು ರಾತ್ರಿ ಕೂತರು. ನಾನು ಮಾಡಿದ್ದು ನನಗೇ ಮರೆತುಹೋಗಿತ್ತು. ಆ ಇಬ್ಬರ ಮುಖ ನೆನಪಿಟ್ಟುಕೊಂಡೇ ನಿಮಗೆ ಬರೆಯುತ್ತಿದ್ದೇನೆ.

ನಿರ್ವಹಣೆಯ ಟೂಲ್ ವಿಷಯವನ್ನು ಬೇಗ ಮುಗಿಸುತ್ತೇನೆ, ಅಲ್ಲಿ ನೀವು ಈಗಲೇ ಹೆಚ್ಚು ಖರ್ಚು ಮಾಡಬೇಕಿಲ್ಲ. ಮೈಎಸ್‌ಕ್ಯೂಎಲ್‌ಗೆ ವರ್ಕ್‌ಬೆಂಚ್, ಹೈಡಿಎಸ್‌ಕ್ಯೂಎಲ್, 1998ರಿಂದ ಇರುವ ಪಿಎಚ್‌ಪಿಮೈಅಡ್ಮಿನ್, ಪೋಸ್ಟ್‌ಗ್ರೆಸ್‌ಗೆ ಪಿಜಿಅಡ್ಮಿನ್, ಎರಡಕ್ಕೂ ಸೇರಿ ಡಿಬೀವರ್‌ನ ಕಮ್ಯುನಿಟಿ ಆವೃತ್ತಿ. ಇವೆಲ್ಲ ಉಚಿತ. ನ್ಯಾವಿಕ್ಯಾಟ್, ಡೇಟಾಗ್ರಿಪ್, ಟೋಡ್ ಹೆಚ್ಚು ನುಣುಪಾದವು, ದಿನವಿಡೀ ಕ್ವೆರಿ ಬರೆಯುವವರಿಗೆ ಕೊಟ್ಟ ದುಡ್ಡು ದಕ್ಕುತ್ತದೆ. ನೀವು ನಾಲ್ವರೂ ಒಂದೇ ಟೂಲ್ ಬಳಸುವುದು ಯಾವ ಟೂಲ್ ಎನ್ನುವುದಕ್ಕಿಂತ ಮುಖ್ಯ. ನನ್ನ ಮತ ಡಿಬೀವರ್‌ಗೆ, ನಿಮ್ಮಲ್ಲಿ ಎರಡು ಬಗೆಯ ಡೇಟಾಬೇಸ್ ಇರುವುದರಿಂದ. ಅದರಲ್ಲಿ ಪ್ರತಿ ಕನೆಕ್ಷನ್ನಿಗೂ ಒಂದೊಂದು ಬಣ್ಣ ಕೊಡಬಹುದು. ಗಿರಾಕಿಯ ನಿಜವಾದ ಡೇಟಾಬೇಸ್‌ಗೆ ಕೆಂಪು ಕೊಡಿ.

ಆ ಕೆಂಪು ಬಣ್ಣದ ಬೆಲೆ ಎಷ್ಟೆಂದು 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಗೆ ತಿಳಿಯಿತು. ರಾತ್ರಿ ಹೊತ್ತು ದಣಿದಿದ್ದ ಎಂಜಿನಿಯರೊಬ್ಬರು ಎರಡನೆಯ ಸರ್ವರ್ ಎಂದುಕೊಂಡು ಮುಖ್ಯ ಸರ್ವರಿನ ದತ್ತಾಂಶದ ಫೋಲ್ಡರನ್ನೇ ಅಳಿಸಿದರು. ಅಳಿಸುವುದನ್ನು ನಿಲ್ಲಿಸುವ ಹೊತ್ತಿಗೆ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ಪಿಗೆಂದು ಹಲವು ಏರ್ಪಾಡುಗಳಿದ್ದವು, ಬೇಕಾದ ಹೊತ್ತಿಗೆ ಕೈಹಿಡಿದದ್ದು ಸುಮಾರು ಆರು ಗಂಟೆ ಹಳೆಯದಾದ ಒಂದು ನಕಲು ಮಾತ್ರ. ಅವರು ಯಾವುದನ್ನೂ ಮುಚ್ಚಿಡದೆ ಎಲ್ಲವನ್ನೂ ಲೋಕಕ್ಕೆ ಹೇಳಿದರು, ಅದಕ್ಕಾಗಿ ನನಗೆ ಅವರ ಮೇಲೆ ಗೌರವವಿದೆ. ನಿರ್ವಹಣೆಯ ಟೂಲ್ ಹೋಲಿಸುವಾಗ ಬ್ಯಾಕಪ್ ಆಯಿತೆಂದು ಹಸಿರು ಗುರುತು ತೋರಿಸಿದರೆ ಸಾಲದು. ಆ ಬ್ಯಾಕಪ್ಪಿನಿಂದ ಬೇರೊಂದು ಹಳೆಯ ಕಂಪ್ಯೂಟರಿನಲ್ಲಿ ಇಡೀ ಗಿರಣಿಯ ಲೆಕ್ಕವನ್ನು ಎಬ್ಬಿಸಿ ನಿಲ್ಲಿಸಿ ತೋರಿಸಿ ಎನ್ನಿ. ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ ಬರೆದುಕೊಳ್ಳಿ.

ಬದಲಾವಣೆಯ ಟೂಲ್‌ಗಳಲ್ಲಿ ಎರಡು ಜಾತಿ. ಒಂದು, ಹೆಜ್ಜೆ ಬರೆದಿಡುವ ಜಾತಿ. 2006ರ ಲಿಕ್ವಿಬೇಸ್, 2010ರ ಫ್ಲೈವೇ ಈ ಗುಂಪಿನವು. ನೀವು ಬದಲಾವಣೆಯನ್ನು ಒಂದು ಸ್ಕ್ರಿಪ್ಟ್ ಕಡತದಲ್ಲಿ ಬರೆದು ಕ್ರಮಸಂಖ್ಯೆ ಕೊಡುತ್ತೀರಿ. ಟೂಲ್ ಪ್ರತಿ ಡೇಟಾಬೇಸಿನೊಳಗೂ ತನ್ನದೊಂದು ಟೇಬಲ್ ಇಟ್ಟುಕೊಂಡು, ಯಾವ ಸಂಖ್ಯೆಯವರೆಗೆ ಆಗಿದೆ ಎಂದು ನೋಡಿ ಮುಂದಿನದನ್ನು ಮಾತ್ರ ಓಡಿಸುತ್ತದೆ. ಆ ಟೇಬಲ್ಲೇ ನಿಮ್ಮ ಎಂ.ಆರ್. ರಿಜಿಸ್ಟರು. ಒಮ್ಮೆ ಓಡಿಸಿದ ಸ್ಕ್ರಿಪ್ಟನ್ನು ಆಮೇಲೆ ಯಾರಾದರೂ ತಿದ್ದಿದರೆ ಅದರ ಚೆಕ್‌ಸಮ್ ಬದಲಾಗಿ ಟೂಲ್ ತಡೆಯುತ್ತದೆ. ಇನ್ನೊಂದು, ತಾಳೆ ನೋಡುವ ಜಾತಿ. ಕೇಂಬ್ರಿಜ್‌ನ ರೆಡ್‌ಗೇಟ್ ಕಂಪನಿಯ ಎಸ್‌ಕ್ಯೂಎಲ್ ಕಂಪೇರ್ ಇಂಥದ್ದು, ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರಿಗೆ. ಎರಡು ಡೇಟಾಬೇಸ್‌ಗಳನ್ನು ಅಕ್ಕಪಕ್ಕ ಇಟ್ಟು, ಇದು ಅದರಂತಾಗಲು ಏನು ಮಾಡಬೇಕೋ ಆ ಸ್ಕ್ರಿಪ್ಟನ್ನು ತಾನೇ ಬರೆದುಕೊಡುತ್ತದೆ. 2019ರಲ್ಲಿ ಫ್ಲೈವೇಯನ್ನೂ ರೆಡ್‌ಗೇಟ್ ಕೊಂಡುಕೊಂಡಿತು, ಹಾಗಾಗಿ ಅವರ ಬಳಿ ಈಗ ಎರಡು ಜಾತಿಯೂ ಇವೆ.

ತಾಳೆ ನೋಡುವ ಟೂಲ್ ಡೆಮೊದಲ್ಲಿ ಎಲ್ಲಕ್ಕಿಂತ ಸೊಗಸಾಗಿ ಕಾಣುತ್ತದೆ. ಅದಕ್ಕೆ ಒಂದು ಪರೀಕ್ಷೆ ಕೊಡಿ. ನಿಮ್ಮ ಖರೀದಿಯ ಟೇಬಲ್ಲಿನಲ್ಲಿ ತೂಕ ಎಂಬ ಕಾಲಂ ಹೆಸರನ್ನು ನಿವ್ವಳ ತೂಕ ಎಂದು ಬದಲಿಸಿ, ಹಳೆಯ ಡೇಟಾಬೇಸನ್ನು ಹಾಗೆ ಮಾಡಲು ಹೇಳಿ. ನಿಮಗೆ ಹೆಸರು ಬದಲಾಗಿದೆ ಎಂದು ಗೊತ್ತು. ಟೂಲ್‌ಗೆ ಕಾಣುವುದು ಒಂದು ಕಾಲಂ ಮಾಯವಾಗಿದೆ, ಇನ್ನೊಂದು ಹೊಸದಾಗಿ ಬಂದಿದೆ ಎಂದು. ಎಚ್ಚರಿಕೆಯಿಲ್ಲದ ಟೂಲ್ ಹಳೆಯ ಕಾಲಮ್ಮನ್ನು ಕಿತ್ತು ಹಾಕುವ ಸ್ಕ್ರಿಪ್ಟ್ ಬರೆಯುತ್ತದೆ; ಅದರೊಂದಿಗೆ ಒಂದು ಸುಗ್ಗಿಯ ತೂಕವೆಲ್ಲ ಹೋಗುತ್ತದೆ. ಈ ಒಂದು ಪರೀಕ್ಷೆಯಲ್ಲಿ ನಿಮ್ಮ ಮೂರು ಕಂಪನಿಗಳ ಟೂಲ್‌ಗಳು ಬೇರೆ ಬೇರೆಯಾಗಿ ನಡೆದುಕೊಂಡರೆ, ಹೋಲಿಕೆಯ ಅರ್ಧ ಕೆಲಸ ಮುಗಿದಂತೆ.

ಹಾಗಾಗಿ ಓಡಿಸುವ ಮೊದಲು ಸ್ಕ್ರಿಪ್ಟನ್ನು ತೋರಿಸದ ಟೂಲ್ ಬೇಡವೇ ಬೇಡ. ಜಮೀನಿನ ಒಂದು ಭಾಗವನ್ನು ಮಾರಬೇಕಾದರೆ ಮೊದಲು 11ಇ ನಕ್ಷೆ ಮಾಡಿಸಬೇಕಲ್ಲ, ನೋಂದಣಿಗೆ ಮುಂಚೆಯೇ ಯಾವ ಭಾಗ ಯಾರಿಗೆ ಎಂದು ಗೆರೆ ಎಳೆದು ತೋರಿಸುವುದಕ್ಕೆ. ಮ್ಯುಟೇಷನ್ನಿಗೂ ಭೂಕಂದಾಯ ಕಾಯ್ದೆಯ 129ನೇ ಕಲಂ ಪ್ರಕಾರ ನೋಟಿಸು ಕೊಟ್ಟು ತಕರಾರಿಗೆ 30 ದಿನ ಕಾಯುವ ಪದ್ಧತಿ ಬಹಳ ಕಾಲ ಇತ್ತು. ನಿಮಗೆ 30 ದಿನ ಬೇಡ. ಆದರೆ ಸ್ಕ್ರಿಪ್ಟ್ ಬರೆದವರು ಒಬ್ಬರು, ನೋಡಿ ಸಹಿ ಹಾಕುವವರು ಇನ್ನೊಬ್ಬರು ಇರಲಿ. ಅದಕ್ಕೆ ಅನುಕೂಲ ಮಾಡಿಕೊಡುವುದು ಯಾವ ಟೂಲ್ ಎಂದು ನೋಡಿ.

ಎರಡನೆಯ ಪರೀಕ್ಷೆ, ಮಧ್ಯದಲ್ಲಿ ನಿಲ್ಲುವುದು. ಐದು ಆಜ್ಞೆಗಳಿರುವ ಸ್ಕ್ರಿಪ್ಟಿನಲ್ಲಿ ಮೂರನೆಯದನ್ನು ಬೇಕೆಂದೇ ತಪ್ಪು ಬರೆದು ಓಡಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ಲಿನ ರಚನೆ ಬದಲಿಸುವ ಆಜ್ಞೆಗಳೂ ಟ್ರಾನ್ಸಾಕ್ಷನ್ನಿನೊಳಗೆ ಬರುವುದರಿಂದ, ಮೂರನೆಯದು ತಪ್ಪಿದರೆ ಮೊದಲ ಎರಡೂ ಹಿಂದಕ್ಕೆ ಹೋಗುತ್ತವೆ, ಏನೂ ಆಗಿಲ್ಲವೆಂಬಂತೆ. ಮೈಎಸ್‌ಕ್ಯೂಎಲ್‌ನಲ್ಲಿ ಅಂಥ ಒಂದೊಂದು ಆಜ್ಞೆಯೂ ಆದ ತಕ್ಷಣ ಖಾಯಂ. ಮೊದಲ ಎರಡು ಉಳಿದುಬಿಡುತ್ತವೆ, ಡೇಟಾಬೇಸ್ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಯಾವ ದುಬಾರಿ ಟೂಲ್ ಕೊಂಡರೂ ಈ ಸ್ವಭಾವ ಬದಲಾಗದು. ಟೂಲ್ ಮಾಡಬಲ್ಲದ್ದು ಎಂದರೆ ಎಲ್ಲಿ ನಿಂತಿತೆಂದು ಸ್ಪಷ್ಟವಾಗಿ ಹೇಳುವುದು. ಟೂಲ್‌ಗೆ ಇಟ್ಟಿರುವ ದುಡ್ಡಿನಲ್ಲಿ ಸ್ವಲ್ಪವನ್ನು ಹಳೆಯ ಗಿರಾಕಿಗಳನ್ನು ಪೋಸ್ಟ್‌ಗ್ರೆಸ್‌ಗೆ ತರಲು ಖರ್ಚು ಮಾಡಿದರೆ ನಿಮಗೆ ಹೆಚ್ಚು ಲಾಭ ಎಂದು ನಾನು ಹೇಳುವುದು ಇದಕ್ಕೇ. ಎರಡನ್ನೂ ಇಟ್ಟುಕೊಳ್ಳುವುದಾದರೆ ಫ್ಲೈವೇಯಲ್ಲಿ ಸ್ಕ್ರಿಪ್ಟುಗಳನ್ನು ಎರಡು ಪ್ರತಿ ಬರೆಯಬೇಕಾಗುತ್ತದೆ. ಲಿಕ್ವಿಬೇಸ್‌ನಲ್ಲಿ ಎಕ್ಸ್‌ಎಂಎಲ್ ಅಥವಾ ಯಾಮಲ್‌ನಲ್ಲಿ ಒಮ್ಮೆ ಬರೆದರೆ ಎರಡಕ್ಕೂ ತಕ್ಕ ಎಸ್‌ಕ್ಯೂಎಲ್ ಅದೇ ಹುಟ್ಟಿಸುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಪಹಣಿಯ ವಿಸ್ತೀರ್ಣಕ್ಕೂ ಸರ್ವೆ ಇಲಾಖೆಯ ಆಕಾರ್‌ಬಂದ್ ವಿಸ್ತೀರ್ಣಕ್ಕೂ ತಾಳೆಯಾಗದೆ ಅಲೆದಾಡಿದ ರೈತರು ನಿಮ್ಮ ಎರಡೂ ತಾಲ್ಲೂಕುಗಳಲ್ಲಿ ಸಿಗುತ್ತಾರೆ. ಒಂದು ಕಡೆ 2 ಎಕರೆ 10 ಗುಂಟೆ, ಇನ್ನೊಂದು ಕಡೆ 2 ಎಕರೆ 4 ಗುಂಟೆ ಎಂದಿದ್ದರೆ ಪೋಡಿಯೂ ಆಗದು, ಮಾರಾಟವೂ ಸಲೀಸಾಗಿ ನಡೆಯದು. ಕಾಗದ ಒಂದು ಹೇಳುತ್ತದೆ, ನೆಲ ಇನ್ನೊಂದು. ಡೇಟಾಬೇಸಿನಲ್ಲಿ ಇದನ್ನು ಡ್ರಿಫ್ಟ್ ಎನ್ನುತ್ತಾರೆ. ಟೂಲ್‌ನ ರಿಜಿಸ್ಟರಿನಲ್ಲಿ 41ನೇ ಸ್ಕ್ರಿಪ್ಟಿನವರೆಗೆ ಎಲ್ಲ ಸರಿಯಾಗಿದೆ ಎಂದಿರುತ್ತದೆ; ಆದರೆ ತಲಕಾಡಿನ ಗಿರಾಕಿಯ ಡೇಟಾಬೇಸಿಗೆ ಯಾರೋ ನೇರವಾಗಿ ಕೈ ಹಾಕಿದ್ದಾರೆ. ಫ್ಲೈವೇಯ ವ್ಯಾಲಿಡೇಟ್ ಆಜ್ಞೆ ಇದನ್ನು ಹಿಡಿಯುವುದಿಲ್ಲ. ಅದು ತಾಳೆ ನೋಡುವುದು ಸ್ಕ್ರಿಪ್ಟ್ ಕಡತಗಳನ್ನು ರಿಜಿಸ್ಟರಿನೊಂದಿಗೆ, ನಿಜವಾದ ಟೇಬಲ್ಲನ್ನು ಅದು ತೆರೆದು ನೋಡುವುದಿಲ್ಲ. ಹಾಗಾಗಿ ಪರೀಕ್ಷೆಯ ಡೇಟಾಬೇಸಿನಲ್ಲಿ ನೀವೇ ಕದ್ದು ಒಂದು ಕಾಲಂ ಸೇರಿಸಿ, ಮಾರಾಟಗಾರರಿಗೆ ಹೇಳದೆ, ಮೂರು ಟೂಲ್‌ಗಳಲ್ಲಿ ಯಾವುದು ಅದನ್ನು ಬೆರಳಿಟ್ಟು ತೋರಿಸುತ್ತದೆ ನೋಡಿ. ಇದು ಸಾಮಾನ್ಯವಾಗಿ ದುಬಾರಿ ಆವೃತ್ತಿಯಲ್ಲಿ ಸಿಗುವ ಅನುಕೂಲ. ದುಡ್ಡು ಕೊಡುವುದಾದರೆ ಇದಕ್ಕೆ ಕೊಡಿ.

ಹಿಂದಕ್ಕೆ ತಿರುಗಿಸುವ ಬಟನ್ನಿನ ಬಗ್ಗೆ ಮಾರುವವರು ಬಹಳ ಹೇಳುತ್ತಾರೆ. ಫ್ಲೈವೇಯಲ್ಲಿ ಅದು ದುಡ್ಡು ಕೊಟ್ಟವರಿಗೆ ಮಾತ್ರ, ತಿರುಗಿಸುವ ಸ್ಕ್ರಿಪ್ಟೂ ಒಂದು ಇರಬೇಕು. ಲಿಕ್ವಿಬೇಸ್ ಕೆಲವು ಬಗೆಯ ಬದಲಾವಣೆಗಳನ್ನು ತಾನೇ ತಿರುಗಿಸಬಲ್ಲದು. ಆದರೆ ಕಿತ್ತು ಹಾಕಿದ ಕಾಲಮ್ಮನ್ನು ಮತ್ತೆ ಸೇರಿಸಿದರೆ ಬರುವುದು ಖಾಲಿ ಕಾಲಂ. ಒಳಗಿದ್ದ ಅಂಕಿಗಳು ಬರುವುದು ಬ್ಯಾಕಪ್ಪಿನಿಂದ ಮಾತ್ರ.

ಇನ್ನು ಜಾಗದ ವಿಷಯ. ನಿಮ್ಮ ಗಿರಾಕಿಗಳ ಡೇಟಾಬೇಸ್ ಗಿರಣಿಯ ಕಂಪ್ಯೂಟರಿನಲ್ಲೇ ಇದ್ದರೆ, ಕ್ಲೌಡಿನಿಂದ ಕೆಲಸ ಮಾಡುವ ಟೂಲ್ ಅಲ್ಲಿಗೆ ತಲುಪಲು ಗಿರಣಿಯ ನೆಟ್‌ವರ್ಕಿನಲ್ಲಿ ಬಾಗಿಲು ತೆರೆಯಬೇಕಾಗುತ್ತದೆ. ನಾನಾದರೆ ತೆರೆಯುವುದಿಲ್ಲ. ಪೆನ್‌ಡ್ರೈವಿನಲ್ಲಿ ಒಯ್ದು, ಇಂಟರ್‌ನೆಟ್ ಇಲ್ಲದೆಯೂ ಕಮ್ಯಾಂಡ್ ಲೈನಿನಿಂದ ಓಡಿಸಬಹುದೇ ಎಂದು ಕೇಳಿ. ಕಾಲದ ವಿಷಯವೂ ಇದೆ: ಕಬಿನಿ ಬಲದಂಡೆ ನಾಲೆಯ ಭತ್ತ ಗಿರಣಿಗೆ ಬರುವ ಡಿಸೆಂಬರ್, ಜನವರಿಯಲ್ಲಿ ಹೊಸ ಟೂಲ್ ಹಿಡಿದುಕೊಂಡು ಯಾವ ಗಿರಣಿಗೂ ಹೋಗಬೇಡಿ. ಶ್ರೀಕಂಠೇಶ್ವರನ ದೊಡ್ಡ ಜಾತ್ರೆಯ ವಾರವೂ ಬೇಡ, ಏನಾದರೂ ಕೆಟ್ಟರೆ ಸರಿಮಾಡಲು ಕಚೇರಿಯಲ್ಲಿ ಜನ ಇರುವುದಿಲ್ಲ.

ಬೆಲೆಯ ಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ಯಾವುದನ್ನು ಎಣಿಸುತ್ತಾರೆ ಎಂಬುದನ್ನು. ಬಳಸುವ ಜನರನ್ನು ಎಣಿಸಿದರೆ ನೀವು ನಾಲ್ವರು. ಡೇಟಾಬೇಸ್‌ಗಳನ್ನು ಎಣಿಸಿದರೆ 26, ವರ್ಷ ವರ್ಷವೂ ಏರುವ ಸಂಖ್ಯೆ. ವ್ಯಾಪಾರ ಬೆಳೆದಷ್ಟೂ ಬಿಲ್ಲು ಬೆಳೆಯುತ್ತದೆ. ಡಾಲರಿನಲ್ಲಿ ಹೇಳಿದ ಬೆಲೆಗೆ 18% ಜಿಎಸ್‌ಟಿ ಸೇರಿಸಿ, ಮೂರು ವರ್ಷದ ನವೀಕರಣ ಸೇರಿಸಿ, ಆಮೇಲೆ ಮೂರನ್ನೂ ಹೋಲಿಸಿ. ಚಂದಾ ನಿಲ್ಲಿಸಿದ ದಿನ ನಿಮ್ಮ ಸ್ಕ್ರಿಪ್ಟುಗಳು, ರಿಜಿಸ್ಟರು ನಿಮ್ಮಲ್ಲೇ ಓದುವಂತೆ ಉಳಿಯುತ್ತವೆಯೇ ಎಂದು ಬರಹದಲ್ಲಿ ಕೇಳಿ. ಉಚಿತವೆಂದು ಹಿಡಿದದ್ದೂ ಸದಾ ಹಾಗೇ ಇರಬೇಕಿಲ್ಲ. 2018ರಲ್ಲಿ ಮಾಂಗೋಡಿಬಿ, 2024ರಲ್ಲಿ ರೆಡಿಸ್ ತಮ್ಮ ಲೈಸೆನ್ಸಿನ ಷರತ್ತು ಬದಲಿಸಿದವು. ಸಾದಾ ಎಸ್‌ಕ್ಯೂಎಲ್‌ನಲ್ಲಿ ಬರೆದ ಸ್ಕ್ರಿಪ್ಟು ಯಾರ ಹಂಗಿಲ್ಲದೆ ನಿಲ್ಲುತ್ತದೆ.

ಕಾನೂನಿನ ಒಂದೆರಡು ಮಾತನ್ನು ಬಿಡುವಂತಿಲ್ಲ. ನಿಮ್ಮ ಗಿರಾಕಿಗಳಲ್ಲಿ ಯಾರಾದರೂ ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದರೆ, 2023ರ ಏಪ್ರಿಲ್ 1ರಿಂದ ಅವರ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯೂ ದಿನಾಂಕದೊಂದಿಗೆ ದಾಖಲಾಗಬೇಕು, ಆ ದಾಖಲೆಯನ್ನು ಯಾರೂ ಆಫ್ ಮಾಡುವಂತಿರಬಾರದು. ಪರದೆಯಲ್ಲಿ ಮಾಡಿದ ತಿದ್ದುಪಡಿ ದಾಖಲಾಗಿ, ನೀವು ಹಿಂದಿನಿಂದ ಡೇಟಾಬೇಸಿನಲ್ಲಿ ನೇರವಾಗಿ ಮಾಡಿದ್ದು ದಾಖಲಾಗದಿದ್ದರೆ ಲೆಕ್ಕ ಪರಿಶೋಧಕರು ಪ್ರಶ್ನೆ ಕೇಳುತ್ತಾರೆ, ಕೇಳಲೇಬೇಕು. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಕೊಟ್ಟ ನಿರ್ದೇಶನದಂತೆ ಸರ್ವರುಗಳ ಲಾಗನ್ನು 180 ದಿನ ಉಳಿಸಿಕೊಳ್ಳಬೇಕು. ಆಮೇಲೆ, ಪರೀಕ್ಷೆಗೆಂದು ಮಾರಾಟಗಾರರ ಕೈಗೆ ನಿಜವಾದ ಡೇಟಾಬೇಸ್ ಕೊಡಬೇಡಿ. ಭತ್ತ ಹಾಕಿದ ರೈತರ ಫೋನ್ ನಂಬರು, ಬ್ಯಾಂಕ್ ಖಾತೆ ಅದರಲ್ಲಿವೆ. ಅವನ್ನು ಅಳಿಸಿ, ಉಳಿದ ಕೊಳೆಯನ್ನೆಲ್ಲ ಹಾಗೇ ಬಿಟ್ಟು ಕೊಡಿ. ನಿಮ್ಮ ಟೂಲ್ ಕೆಲಸ ಮಾಡಬೇಕಿರುವುದು ಆ ಕೊಳೆಯ ಮೇಲೆ.

ನಮ್ಮ ಜಾಗದಲ್ಲಿ ನಿಂತು ಹೇಳಿ ಎಂದು ನೀವು ಕೇಳಿದರೆ: ಈ ವರ್ಷ ಏನನ್ನೂ ಕೊಳ್ಳಬೇಡಿ. ನಿರ್ವಹಣೆಗೆ ಡಿಬೀವರ್, ಬದಲಾವಣೆಗೆ ಫ್ಲೈವೇ ಅಥವಾ ಲಿಕ್ವಿಬೇಸ್‌ನ ಉಚಿತ ಆವೃತ್ತಿ ಹಿಡಿಯಿರಿ. ನಂಜನಗೂಡಿನ ಒಬ್ಬ ಗಿರಾಕಿ, ತಿ. ನರಸೀಪುರದ ಒಬ್ಬ ಗಿರಾಕಿ, ಒಂದು ಮೈಎಸ್‌ಕ್ಯೂಎಲ್, ಒಂದು ಪೋಸ್ಟ್‌ಗ್ರೆಸ್ ಆರಿಸಿ, ಅವರಿಗೆ ತಿಳಿಸಿ, ಒಂದು ಸುಗ್ಗಿ ದಾಟುವವರೆಗೆ ಬಳಸಿ. ನಾಲ್ವರ ಕೈಯಲ್ಲಿರುವ ರೂಟ್ ಪಾಸ್‌ವರ್ಡನ್ನು ಈ ವಾರವೇ ಬದಲಿಸಿ. ಒಬ್ಬೊಬ್ಬರಿಗೂ ಅವರವರ ಹೆಸರಿನ ಲಾಗಿನ್ ಕೊಡಿ, ಟೇಬಲ್ಲಿನ ರಚನೆ ಬದಲಿಸುವ ಹಕ್ಕನ್ನು ಟೂಲ್‌ನ ಲಾಗಿನ್ನಿಗೆ ಮಾತ್ರ ಇಡಿ. ಅವಸರದ ರಾತ್ರಿಗೆಂದು ಒಂದು ಬೀಗದ ಕೈ ಬೇಕೇ ಬೇಕು; ಅದನ್ನು ಬಳಸಿದವರು ಮಾರನೆಯ ದಿನ ತಾವು ಮಾಡಿದ್ದನ್ನು ಸ್ಕ್ರಿಪ್ಟಾಗಿ ಬರೆದು ರಿಜಿಸ್ಟರಿಗೆ ಸೇರಿಸಲಿ.

ಇದಕ್ಕೆಲ್ಲ ಮುಂಚೆ ಒಂದು ಕೆಲಸ. 26 ಡೇಟಾಬೇಸ್‌ಗಳ ರಚನೆಯನ್ನಷ್ಟೇ, ಒಳಗಿನ ದತ್ತಾಂಶ ಬಿಟ್ಟು, ಕಡತಗಳಾಗಿ ಇಳಿಸಿಕೊಳ್ಳಿ. ಮೈಎಸ್‌ಕ್ಯೂಎಲ್‌ಡಂಪ್, ಪಿಜಿಡಂಪ್ ಎರಡಕ್ಕೂ ಅದು ಬರುತ್ತದೆ. ಮೈಎಸ್‌ಕ್ಯೂಎಲ್‌ನವನ್ನು ಒಂದು ರಾಶಿ, ಪೋಸ್ಟ್‌ಗ್ರೆಸ್‌ನವನ್ನು ಇನ್ನೊಂದು ರಾಶಿ ಮಾಡಿ, ಆಯಾ ರಾಶಿಯೊಳಗೆ ಒಂದಕ್ಕೊಂದು ತಾಳೆ ನೋಡಿ. ಎಷ್ಟು ಬಗೆ ಸಿಕ್ಕವು ಎಂದು ನನಗೆ ಬರೆಯಿರಿ. ಮೂರೋ ನಾಲ್ಕೋ ಆಗಿದ್ದರೆ ಉಚಿತ ಟೂಲ್ ಸಾಕು. ಹದಿನೈದು ದಾಟಿದ್ದರೆ ಡ್ರಿಫ್ಟ್ ಹಿಡಿಯುವ ಟೂಲ್‌ಗೆ ದುಡ್ಡು ತೆಗೆದಿಡಿ, ಮೂರು ಕಂಪನಿಗಳಲ್ಲಿ ಯಾವುದನ್ನು ಮತ್ತೆ ಕರೆಯಬೇಕೆಂದು ಆಗ ಕೂತು ಮಾತಾಡೋಣ.